ಅತ್ತಿಗಿ ಮೈಯಾಗಿನ ಬಾತುಕೋಳಿ

ಹೋದ ವಾರ ಹೊಸಪೇಟಿಯಿಂದ ಊರಿಗೆ ಹೊಂಟಿದ್ದೆ. ಬಸ್ಸು ಕಮಲಾಪುರ ದಾಟಿ ಸ್ವಲ್ಪ ದೂರ ಬಂದಿರಬೇಕು, ಬಾಜೂಕ ಒಂದು ಲಾರಿ ಬಂತು. ಎರಡು ಅಂತಸ್ತು ಮಾಡಿ, ಸುತ್ತ ಬಲೆ ಕಟ್ಟಿ, ಬರೇ ಬಾತುಕೋಳಿ ತುಂಬಿದ್ರು. ಕಿಡಕ್ಯಾಗಿಂದ ವಾಸನಿ ಒಳಗ ನುಗ್ಗಿತು. ಹಸಿ ಪುಕ್ಕ, ಕೆಸರು, ಕೊಳೆತ ಹುಲ್ಲು, ಮೂರೂ ಕೂಡಿದ ವಾಸನಿ. ಹಂಪಿ ನೋಡ್ಕೊಂಡು ಬಸ್ ಹತ್ತಿದ್ದ ಹುಡುಗ್ರು ಮೂಗಿಗೆ ಕರ್ಚೀಪು ಹಿಡಕೊಂಡ್ರು. ನಾನು ಹಿಡಕೊಳ್ಳಲಿಲ್ಲ. ಒಮ್ಮೆಲೇ ಮೈಯೆಲ್ಲಾ ಸುಸ್ತಾದಂಗಾತು, ನಿದ್ದಿಗೆಟ್ಟು ಕುಂತಾಕಿಗೆ ಆಗ್ತದಲ್ಲ, ಹಂಗ. ಆ ವಾಸನಿಯ ಒಂದು ಸುಗ್ಗಿ ಐತಿ, ಅದು ನನ್ನೊಳಗ ಇನ್ನೂ ಮುಗದಿಲ್ಲ.

ನಮ್ಮೂರು ಎಮ್ಮಿಗನೂರು. ಕಾಲುವಿ ನೀರು, ನೆಲ್ಲು, ಕಬ್ಬು, ಮತ್ತೇನಿಲ್ಲ. ಆಗ ಕರೋನಾ ಮುಗದು ಮಂದಿ ಮಾಸ್ಕು ಮರತಿದ್ರು, ಆದ್ರ ‘ಇಮ್ಯುನಿಟಿ’ ಅನ್ನೋ ಮಾತು ಮರತಿರಲಿಲ್ಲ. ಮನ್ಯಾಗ ನಾವು ನಾಲ್ಕು ಮಂದಿ. ಅವ್ವ, ವೀರೇಶಣ್ಣ, ಅಣ್ಣನ ಹೇಂತಿ ಪೂರ್ಣಿಮಾ, ನಾನು. ಅಪ್ಪ ನಾನು ಸಣ್ಣಾಕಿ ಇದ್ದಾಗಲೇ ತೀರಿಕೊಂಡಿದ್ದ. ಅಣ್ಣ ಹೊಲ ನೋಡತಿದ್ದ. ನಾನು ಬಿ.ಕಾಂ. ಮುಗಿಸಿ ಕಂಪ್ಲಿ ಬಸ್‌ಸ್ಟ್ಯಾಂಡ್ ಹತ್ರ ನಮ್ಮ ಸೋದರಮಾವನ ಜೆರಾಕ್ಸ್ ಅಂಗಡ್ಯಾಗ ಕುಂದ್ರತಿದ್ದೆ. ಗಿರಾಕಿ ಇಲ್ಲದಾಗ ಫೋನಿನ್ಯಾಗ ಜೀವಕೋಶದ ಪಾಠ ನೋಡೋದು ನನ್ನ ಹುಚ್ಚು. ಯಾರೂ ಕಲಿಸಲಿಲ್ಲ, ಯಾವ ಪರೀಕ್ಷೆಗೂ ಅಲ್ಲ. ಒಂದು ದಿನ ಹಿಂಗ ಬೆರಳಾಡಿಸುವಾಗ ಬಿಳೇ ರಕ್ತಕಣ ಒಂದು ಕ್ರಿಮಿ ಬೆನ್ನು ಹತ್ತಿ ಓಡೋದು ಕಾಣಸ್ತು. ಅಷ್ಟೇ, ಸಿಕ್ಕಿಬಿದ್ದೆ.

ಅತ್ತಿಗಿ ಸಂಡೂರು ಕಡಿಯಾಕಿ. ಲಗ್ನ ಆಗಿ ಬಂದ ಹೊಸದಾಗ, ನಿಮ್ಮೂರಾಗ ಅರಿವಿ ಒಣ ಹಾಕಿದ್ರ ತೊಳದ ಬಣ್ಣಾನ ಇರ್ತೈತಿ, ನಮ್ಮ ಸಂಡೂರಾಗ ಗಣಿ ಧೂಳಿಗೆ ಕೆಂಪಗಾಗಿ ಬರ್ತಿತ್ತು ಅಂತ ನಗತಿದ್ಲು. ನನಗಿಂತ ಎರಡೇ ವರ್ಷ ದೊಡ್ಡಾಕಿ. ನನ್ನ ಪಾಠ ಎಲ್ಲಾ ಆಕಿಗೇ ಒಪ್ಪಿಸೋದು. ರೊಟ್ಟಿ ಬಡಿತಾ ಕೇಳತಿದ್ಲು, ನಡುನಡುವ ‘ಆಮ್ಯಾಲೆ?’ ಅಂತಿದ್ಲು.

ಆ ವರ್ಷ ಮಳೆಗಾಲ ಶುರುವಾಗೋ ಹೊತ್ತಿಗೆ ಆಕಿಗೆ ಜ್ವರ ಶುರುವಾತು. ಬರೋದು, ಹೋಗೋದು. ಬೆರಳು ಗೆಣ್ಣು ನೋವು. ಕೂದಲ ಬಾಚಣಿಗಿ ತುಂಬ ಬರ್ತಿತ್ತು. ಮೂಗಿನ ಮ್ಯಾಲಿಂದ ಎರಡೂ ಗಲ್ಲಕ್ಕ ಕೆಂಪು ಹರಡಿತು. ಅವ್ವ, ಬಿಸಲಿಗೆ ಬಂಗು ಬಂದೈತಿ ಅಂತ ಅರಿಶಿಣ ಹಚ್ಚಿದ್ಲು. ಹೊಸಪೇಟ್ಯಾಗ ಒಬ್ಬ ಡಾಕ್ಟರಮ್ಮ ರಕ್ತ ತಗಿಸಿ ನೋಡಿ ಲೂಪಸ್ ಅಂದ್ರು. ಮೈ ಕಾಯೋ ಕಣಗಳೇ ಮೈ ಮ್ಯಾಲೆ ಬೀಳೋ ರೋಗ. ಆ ಕಣಗಳ ಜೋರು ಕಡಿಮಿ ಮಾಡಬೇಕು, ಗುಳಿಗಿ ಒಂದಿನಾನೂ ಬಿಡಬಾರದು, ಬಿಟ್ರ ಕಿಡ್ನಿಗೆ ಹೋಗ್ತೈತಿ ಅಂತ ಬಿಡಿಸಿ ಹೇಳಿದ್ರು. ಅಣ್ಣ ತಲಿ ಆಡಿಸಿದ. ನಾನೂ ಆಡಿಸಿದೆ. ಅವ್ವ ಆಡಿಸಲಿಲ್ಲ.

ಬಸ್ಸಿನ್ಯಾಗ ಬರುವಾಗ ಅವ್ವ ನನ್ನ ಕಡಿ ಬಗ್ಗಿ, ‘ಕರೋನಾ ಬಂದಾಗ ಶಕ್ತಿ ಹೆಚ್ಚ ಮಾಡ್ಕೋರಿ ಅಂತ ಟೀವ್ಯಾಗ ಬಡಕೊಂಡ್ರು. ಈಗ ಈ ಡಾಕ್ಟರಮ್ಮ ಕಡಿಮಿ ಮಾಡ್ಕೋ ಅಂತಾಳ. ಮೊದಲೇ ಸೊರಗಿದ ಹುಡುಗಿ ಮತ್ತಷ್ಟು ಸೊರಗಬೇಕೇನು?’ ಅಂದ್ಲು.

ಅದಕ್ಕ ಸರಿಯಾಗಿ ಔಷಧ ಅಂಗಡಿ ಹುಡುಗ ಒಂದು ಗುಳಿಗಿ ಕೈಗೆ ಕೊಡತಾ, ಇದು ಮಲೇರಿಯಾಕ್ಕೂ ಕೊಡ್ತಾರ ಅಂತ ಬಾಯಿ ಬಿಟ್ಟ. ಮುಗೀತು. ಮಲೇರಿಯಾ ಇಲ್ಲದಾಕಿಗೆ ಮಲೇರಿಯಾ ಗುಳಿಗಿ ಕೊಟ್ಟಾರ ಅಂತ ಅವ್ವ ಓಣಿಗೆಲ್ಲಾ ಹೇಳಿದ್ಲು. ನಾನು ಎದುರು ಮಾತಾಡಿದೆ. ಒಂದು ಔಷಧ ಎರಡು ಕಡಿ ಕೆಲಸ ಮಾಡ್ತೈತಿ ಅವ್ವ ಅಂದೆ. ಬಿ.ಕಾಂ. ಓದಿದಾಕಿಗೆ ಬ್ಯಾಂಕಿನ ಮಾತು ಕೇಳಿದ್ರ ಕೇಳಬೇಕು, ಔಷಧದ ಮಾತಲ್ಲ ಅಂದ್ಲು.

ಅವ್ವ ಕೆಟ್ಟಾಕಿ ಅಲ್ಲ, ಇದನ್ನ ಬರೀಲೇಬೇಕು. ಸೊಸಿ ಕೂದಲು ಉದುರತಾವಂತ ತಾನೇ ಎಣ್ಣಿ ಕಾಸಿ ತಲಿಗೆ ತಟ್ಟತಿದ್ಲು. ಹೊಲದ ಬೇವಿನ ಗಿಡಕ್ಕ ಹಬ್ಬಿದ ಅಮೃತಬಳ್ಳಿ ತಂದು, ಜಜ್ಜಿ, ಕುದಿಸಿ, ದಿನಾ ಮುಂಜಾನಿ ಲೋಟದಾಗ ಕೊಡತಿದ್ಲು. ಅತ್ತಿಗಿ ಕಣ್ಣು ಮುಚ್ಚಿ ಕುಡೀತಿದ್ಲು. ಅವ್ವ ಕೇಳತಿದ್ಲು, ಹೆಂಗದೀಯವ್ವ? ಅತ್ತಿಗಿ ಅಂತಿದ್ಲು, ಅರಾಮದೀನ್ರಿ ಅತ್ತಿ.

ಈ ಅರಾಮ ಅನ್ನೋ ಮಾತು ಒಂದು ಹೇಳಬೇಕು. ನಮ್ಮ ಕಡಿ ಹೊಸಾ ಸೊಸಿ ಮೈ ನೋವು ಅನ್ನಂಗಿಲ್ಲ. ಅಂದ್ರ ಒಂದೋ ಕೆಲಸಗಳ್ಳಿ, ಇಲ್ಲಾ ಈ ಮನಿ ನನಗ ಒಗ್ಗಿಲ್ಲ ಅಂದಂಗ. ಸಂಡೂರಿನಿಂದ ಅವರವ್ವ ಫೋನ್ ಮಾಡಿದಾಗೂ ಇದೇ ಕಲಿಸತಿದ್ಲು, ಅತ್ತಿ ಮುಂದ ನರಳಬ್ಯಾಡ ಅಂತ. ಅದಕ್ಕ ಗೆಣ್ಣು ಬಾತು ಲಟ್ಟಣಿಗಿ ಹಿಡಿಯಾಕ ಬರದಿದ್ರೂ ಈಕಿ ಅರಾಮ. ಮ್ಯಾಲೆ ಡಾಕ್ಟರಮ್ಮ ಕೊಟ್ಟ ಸ್ಟಿರಾಯ್ಡ್ ಗುಳಿಗಿಗೆ ಮುಖ ದುಂಡಗಾತು. ಅವ್ವಗ ಅದು ಖುಷಿ. ನಮ್ಮ ಮನಿ ನೀರು ಹಿಡದೈತಿ, ಸೊಸಿ ಮೈ ಹತ್ಯಾಳ ಅಂತ ಕಂಡಕಂಡವರಿಗೆ ತೋರಸತಿದ್ಲು. ಕಷಾಯ ಹತ್ತೈತಿ ಅಂದ ಮ್ಯಾಲೆ ಗುಳಿಗಿ ಯಾಕ? ದೀಪಾವಳಿ ಆದ್ಮ್ಯಾಲೆ ಅತ್ತಿಗಿ ಗುಳಿಗಿ ಬಿಟ್ಲು. ಅವ್ವ ಬಿಡು ಅಂದ್ಲು, ಈಕಿ ಹೂಂ ಅಂದ್ಲು, ಅಣ್ಣ ನೆಲ್ಲು ಕೊಯ್ಯೋ ಮಿಷನ್ ಹಿಂದ ಓಡಾಡಕೊಂಡಿದ್ದ. ನನಗ ಗೊತ್ತಾಗಿದ್ದು ಎಂಟು ಹತ್ತು ದಿನ ಆದ್ಮ್ಯಾಲೆ. ಕೇಳಿದ್ರ ಅತ್ತಿಗಿ, ‘ಜಗಳ ಬ್ಯಾಡ ಸುಮಾ. ಅವರು ಪ್ರೀತಿಲಿಂದ ಕೊಡಾಕತ್ಯಾರ’ ಅಂದ್ಲು.

ಅದಕ್ಕ ನಾನು ಪಾಠಕ್ಕ ಬಿದ್ದೆ. ಅವ್ವಗ ತಿಳಿಯೋ ಹಂಗ ಹೇಳಿದ್ರ ಒಪ್ತಾಳ ಅಂತ ನನಗ ಗಟ್ಟಿ ನಂಬಿಕಿ. ಅಂಗಡ್ಯಾಗ ಕುಂತು ಹುಡುಕಿ ಹುಡುಕಿ ಒಂದು ವಿಡಿಯೋ ಸಿಕ್ತು. ಕರ್ರಗಿನ ಪರದಿ ಮ್ಯಾಲೆ ಹೊಳೆಯೋ ಚುಕ್ಕಿ. ರಕ್ತದಾಗಿನ ಮೈ ಕಾಯೋ ಕಣದಾಗ ಒಂದು ಜಾತಿಗೆ ಬಿ ಕಣ ಅಂತಾರ, ಅದರ ಮೈ ಮ್ಯಾಲಿನ ಒಂದೊಂದು ಪ್ರೋಟೀನಿಗೆ ಬೆಳಕಿನ ಬೊಟ್ಟು ಇಟ್ಟು ಅದರ ಬೆನ್ನು ಹತ್ತಿದ್ರು. ನಾನು ಅಲ್ಲಿ ತನಕ ಪ್ರೋಟೀನ್ ಅಂದ್ರ ಬಾಗಲಕ್ಕ ಹೊಡದ ಮೊಳಿ ಹಂಗ ನಿಂತಿರತಾವ ಅನಕೊಂಡಿದ್ದೆ. ಅಲ್ಲ. ಕಣದ ಚರ್ಮ ಎಣ್ಣಿ ಹಂಗ, ಅದರಾಗ ಇವು ತೇಲತಾವ, ಅಡ್ಡಾಡತಾವ. ಆದ್ರ ಮನಸಿಗೆ ಬಂದಂಗ ಅಲ್ಲ. ಚರ್ಮದ ಕೆಳಗ ಸಣ್ಣ ಸಣ್ಣ ಎಳಿ ಹೆಣದು ಜಾಳಗಿ ಐತಿ. ಚುಕ್ಕಿ ಒಂದು ಚೌಕದೊಳಗ ಸುತ್ತಿ ಸುತ್ತಿ, ಯಾವಾಗೋ ಒಮ್ಮೆ ಹಾರಿ ಬಾಜೂ ಚೌಕಕ್ಕ ಹೋಗತೈತಿ. ವೈರಿ ಸಿಕ್ಕಾಗ ಜಾಳಗಿ ಸಡ್ಲ ಆಗತೈತಿ, ಇವೆಲ್ಲಾ ಓಡಿಬಂದು ಒಂದು ಕಡಿ ಗುಂಪಾಗತಾವ. ಗುಂಪಾದ್ರ ಕಣದ ಒಳಗ ಸುದ್ದಿ ಹೋಗತೈತಿ, ಏಳ್ರಿ ಅಂತ. ಮತ್ತ ಅಲ್ಲೇ ಇನ್ನೊಂದು ತೋರಿಸಿದ್ರು. ವೈರಿ ಇಲ್ಲದಾಗ ಔಷಧ ಹಾಕಿ ಬರೇ ಜಾಳಗಿ ಒಡದ್ರ? ಚುಕ್ಕಿ ದಿಕ್ಕಾಪಾಲಾಗಿ ಓಡಾಡಿದ್ವು, ಒಂದಕ್ಕೊಂದು ತಾಕಿದ್ವು, ಯಾರೂ ಬರದೇನೇ ಕಣ ಎದ್ದು ಕುಂತಿತು.

ನಾನು ಅದನ್ನ ಎಷ್ಟು ಸಲ ನೋಡೀನೋ. ಒಬ್ಬ ಗಿರಾಕಿ ಆಧಾರ್ ಕಾರ್ಡ್ ಹಿಡಕೊಂಡು ನಿಂತು ನಿಂತು, ಏನವ್ವ ಕ್ರಿಕೆಟ್ಟಾ ಅಂತ ಕೇಳಿದ.

ಆ ಹೊತ್ತಿಗೆ ನೆಲ್ಲು ಕೊಯ್ದು ಆಗಿತ್ತು, ಬಾತುಕೋಳಿ ಮಂದಿ ಬಂದಿದ್ರು. ಪ್ರತಿ ಸುಗ್ಗಿಗೂ ಆಂಧ್ರದ ಕಡಿಂದ ಬರ್ತಾರ. ಉದುರಿದ ಕಾಳು, ಹುಳ, ಬಸವನಹುಳು ತಿನ್ನಾಕ ಬಾತುಕೋಳಿನ ಕೊಯ್ದ ಗದ್ದಿ ಮಡಿಗೆ ಬಿಡತಾರ. ನಮ್ಮ ಹೊಲಕ್ಕ ಬರೋನು ರಮಣಯ್ಯ. ಹೊಲ ಬಿಟ್ಟಿದ್ದಕ್ಕ ತತ್ತಿ ಕೊಡಾಕ ಬರ್ತಿದ್ದ. ನಮ್ಮ ಮನ್ಯಾಗ ತತ್ತಿ ಮುಟ್ಟಂಗಿಲ್ಲ, ಅವ್ವ ದೂರದಿಂದಲೇ ಆಳಿನ ಮಂದಿಗೆ ಕೊಡು ಅಂತ ಕೈ ಮಾಡತಿದ್ಲು. ಅಂವ ಪ್ರತಿ ವರ್ಷ ಮರೀತಿದ್ದ, ಪ್ರತಿ ವರ್ಷ ತರತಿದ್ದ.

ಒಂದು ಮುಂಜಾನಿ ನಾನೂ ಅವ್ವನೂ ಬುತ್ತಿ ತಗೊಂಡು ಹೊಲಕ್ಕ ಹೋಗಿದ್ವಿ. ಮಡಿಯಾಗ ಇನ್ನೂ ನೀರು ನಿಂತಿತ್ತು. ಬದು ಅಂದ್ರ ಮೊಣಕಾಲೆತ್ತರ ಮಣ್ಣಿನ ಕಟ್ಟಿ, ಬಾತುಕೋಳಿಗೆ ಅದೇನು ಗ್ವಾಡಿ ಅಲ್ಲ. ಆದ್ರೂ ಬದುವಿನ ತನಕ ಬಂದು ತಿರಗತಿದ್ವು, ಒಮ್ಮೊಮ್ಮೆ ಒಂದು ಹತ್ತಿ ಆ ಕಡಿ ಜಿಗೀತಿತ್ತು. ಅಣ್ಣ ಟ್ರ್ಯಾಕ್ಟರ್ ಒಳಗ ಇಳಿಸಾಕ ಅಂತ ಮೂರು ನಾಲ್ಕು ಕಡಿ ಬದು ಕಡದ. ನೀರು ಹರೀತು, ನೀರಿನ ಜೋಡಿ ಬಾತುಕೋಳಿನೂ ಹರದ್ವು. ಎಲ್ಲಾ ಮಡಿಯವು ತಗ್ಗಿನ ಮೂಲ್ಯಾಗ ಬಂದು ಒತ್ತಿಕೊಂಡು, ಒಂದು ಒದರಿತು, ಹತ್ತು ಒದರಿದ್ವು, ಇಡೀ ಹಿಂಡು ಕಿವಿ ಹರಿಯೋ ಹಂಗ ಒದರಾಕ ಹತ್ತಿತು. ನಾಯಿ ಇಲ್ಲ, ಹದ್ದು ಇಲ್ಲ. ರಮಣಯ್ಯ ಕೋಲು ಹಿಡಕೊಂಡು, ಏಮೀ ಲೇದು, ಏಮೀ ಲೇದು, ಏನೂ ಇಲ್ಲ ಅಂತ ತನ್ನ ತೆಲುಗಿನ್ಯಾಗ ಅವಕ್ಕ ಸಮಾಧಾನ ಹೇಳಾಕತ್ತಿದ್ದ.

ಫೋನಿನ್ಯಾಗ ನೋಡಿದ್ದೇ ಇದು ಅನಿಸ್ತು. ಅವ್ವನ ಕೈ ಹಿಡದು ಬದುವಿನ ಮ್ಯಾಲೆ ಕುಂದ್ರಿಸಿ ಎಲ್ಲಾ ಹೇಳಿದೆ. ಅತ್ತಿಗಿ ರಕ್ತದಾಗಿನ ಕಣ ಹಿಂಗ ಇರ್ತಾವ, ಮೈ ಮ್ಯಾಲಿನವು ಹಿಂಗ ಓಡಾಡತಾವ, ಬದು ಇದ್ರ ಸುಮ್ನಿರತಾವ, ಒಡದ್ರ ವೈರಿ ಇಲ್ಲದೇ ಒದರತಾವ, ಆ ಒದರಾಟಕ್ಕ ಸಿಕ್ಕಿದ್ದು ಆಕಿ ಗೆಣ್ಣು, ಆಕಿ ಗಲ್ಲ. ಶಕ್ತಿ ಇಲ್ಲ ಅಂತಲ್ಲ ಅವ್ವ, ಶಕ್ತಿ ಎಲ್ಲಿ ಹೋಗಬೇಕು ಅಂತ ಗೊತ್ತಿಲ್ಲ. ಗುಳಿಗಿ ಅಂದ್ರ ಒದರೋದನ್ನ ಸುಮ್ನಾಗಸೋದು. ಒಂದು ಉಸಿರಿನ್ಯಾಗ ಹೇಳಿ ಅವ್ವನ ಮುಖ ನೋಡಿದೆ.

ಅವ್ವ ಬಾತುಕೋಳಿ ನೋಡಿದ್ಲು. ನನ್ನ ನೋಡಿದ್ಲು. ‘ಅಂದ್ರ ನನ್ನ ಸೊಸಿ ಮೈಯಾಗ ಬಾತುಕೋಳಿ ಅದಾವ?’ ಅಂದ್ಲು.

ಸಂಜಿ ಹೊತ್ತಿಗೆ ಓಣಿಗೆಲ್ಲಾ ಗೊತ್ತಾತು. ಬಾಜೂ ಮನಿ ಸಿದ್ದಮ್ಮ ಮರುದಿನ ಬಸ್ಸಿಗೆ ನಿಂತ ನನ್ನ ಕರದು, ಬಾತುಕೋಳಿ ಡಾಕ್ಟ್ರೇ, ನನ್ನ ಮೊಣಕಾಲಾಗ ಯಾವ ಪಕ್ಷಿ ಐತಿ ಸ್ವಲ್ಪ ನೋಡವ್ವ ಅಂದ್ಲು. ನನಗ ಅಳು ಬಂದಂಗಾತು. ಮನಿಗೆ ಬಂದು ಹೇಳಿದ್ರ ಅತ್ತಿಗಿ ಮಾತ್ರ ಹೊಟ್ಟಿ ಹಿಡಕೊಂಡು ನಕ್ಲು. ಎಷ್ಟೋ ದಿನದ ಮ್ಯಾಲೆ ನಕ್ಕಿದ್ಲು, ಅದಕ್ಕ ನಾನೂ ನಕ್ಕೆ. ಅವತ್ತಿನಿಂದ ನಮ್ಮಿಬ್ಬರ ನಡುವ ಅದೇ ಭಾಷೆ. ಇವತ್ತ ಬಾತುಕೋಳಿ ಮಲಗ್ಯಾವ ಸುಮಾ. ಇವತ್ತ ಭಾಳ ಒದರಾಕತ್ಯಾವ. ನೋವು ಅನ್ನೋ ಮಾತು ಬಾಯಿಗೆ ಬರದಿದ್ದಾಕಿಗೆ ಬಾತುಕೋಳಿ ಅನ್ನಾಕ ಏನೂ ಅಡ್ಡಿ ಇರಲಿಲ್ಲ. ಆದ್ರ ಗುಳಿಗಿ ತಗೊಳ್ಳಲಿಲ್ಲ. ನಾನು ಅಣ್ಣಗ ಹೇಳಿದೆ. ಅಂವ ಸುಗ್ಗಿ ಮುಗೀಲಿ, ಹೊಸಪೇಟಿಗೆ ಕರಕೊಂಡು ಹೋಗ್ತೀನಿ ಅಂದ. ಸುಗ್ಗಿ ಮುಗೀಲೇ ಇಲ್ಲ. ನೆಲ್ಲು ಒಣಗಿಸೋದು, ಚೀಲ ತುಂಬೋದು, ಮಂಜು ಬಿತ್ತು ಅಂತ ಮತ್ತ ಹರವೋದು. ನಾನು ಅಂಗಡಿಗೆ ಹೋಗೋದು, ಬರೋದು, ಹೇಳೋದು, ಬೈಸಿಕೊಳ್ಳೋದು. ಆಮ್ಯಾಲಾಮ್ಯಾಲೆ ಹೇಳಾಕೂ ದಣಿವಾಗಿತ್ತು.

ಸಂಕ್ರಾಂತಿಗೆ ಇನ್ನೂ ಕೆಲವು ದಿನ ಇತ್ತು. ಮುಂಜಾನಿ ಅಡಗಿಮನ್ಯಾಗ ಅವ್ವ ಕಷಾಯದ ಲೋಟ ಕೊಟ್ಟು, ಹೆಂಗದೀಯವ್ವ ಅಂದ್ಲು. ನಾನು ಹೊರಗ ತಲಿ ಬಾಚಕೋತ ಇದ್ದೆ. ಅವ್ವ ಮತ್ತ ಕೇಳಿದ್ಲು.

‘ಅತ್ತಿ, ಬದು ಎಲ್ಲಾ ಒಡದಾವ್ರಿ’ ಅಂದ್ಲು ಅತ್ತಿಗಿ.

ನಾನು ಬಾಚಣಿಗಿ ಬಿಟ್ಟು ಒಳಗ ಬಂದೆ. ಅವ್ವ ಮೊದಲು ಚ್ಯಾಷ್ಟಿ ಅನಕೊಂಡು ನಗಾಕ ಹೋದ್ಲು. ಅತ್ತಿಗಿ ನಗಲಿಲ್ಲ. ಒಲಿ ಕಟ್ಟಿ ಹಿಡಕೊಂಡು ಹಂಗ ಕೆಳಗ ಕುಂತ್ಲು. ಕುಂದ್ರುವಾಗ ಸೀರಿ ಸ್ವಲ್ಪ ಮ್ಯಾಲೆ ಸರೀತು. ಪಾದ ಎರಡೂ ನೆನದ ಹಿಟ್ಟಿನಂಗ ಉಬ್ಬಿದ್ವು. ಅವ್ವ ಬಗ್ಗಿ ಬೆರಳಿಟ್ಟು ಒತ್ತಿದ್ಲು. ಕುಳಿ ಬಿತ್ತು, ತುಂಬಲಿಲ್ಲ. ಕಾಲುಂಗುರ ಬೆರಳಿನ ಮಾಂಸದೊಳಗ ಹೂತು ಹೋಗಿ ಸುತ್ತ ನೀಲಿ ಆಗಿತ್ತು. ಎಷ್ಟು ದಿನ ಆತು ಅಂತ ಅವ್ವ ಕೇಳಿದ್ಲು. ಅತ್ತಿಗಿ ಸೀರಿ ಎಳದು ಪಾದ ಮುಚ್ಚಾಕ ನೋಡಿದ್ಲು. ಮೈ ಹತ್ಯಾಳ ಅಂತ ಊರಿಗೆಲ್ಲಾ ತೋರಿಸಿದ್ದು ಮೈ ಅಲ್ಲ, ಬಾವು ಅಂತ ಅವ್ವಗ ಆವಾಗ ತಿಳೀತು ಅನ್ಸತೈತಿ. ಆಕಿ ಮುಖ ನೋಡಾಕ ನನಗ ಆಗಲಿಲ್ಲ.

ಎಣ್ಣಿ ಹಚ್ಚಿ ಎಳದ್ಲು, ಸಾಬೂನು ಹಚ್ಚಿ ಎಳದ್ಲು. ಬರಲಿಲ್ಲ. ಅಣ್ಣ ಮೊಳಿ ಕೀಳೋ ಪಕ್ಕಡ್ ತಗೊಂಬಾ ಅಂತ ನನಗ ಅಂದ್ಲು. ಅತ್ತಿಗಿ ಕಾಲು ಹಿಂದ ಎಳಕೊಂಡು, ಅವರು ಹೊಲದಾಗ ಅದಾರ, ಬ್ಯಾಡ್ರಿ ಅತ್ತಿ, ಅಪಶಕುನ ಅಂದ್ಲು. ಗಂಡ ಇರೋತನಕ ತಗಿಯಂಗಿಲ್ಲ ನೋಡ್ರಿ ಅವನ್ನ.

ಅವ್ವ ಪಕ್ಕಡ್ ಹಿಡದೇ ಅಂದ್ಲು, ‘ನನ್ನವು ತಗದಾಗ ಮನಿ ತುಂಬ ಮಂದಿ ಇದ್ರು, ಒಬ್ಬರೂ ಕೇಳಲಿಲ್ಲ ನನ್ನ. ನಿನ್ನವು ನಾನು ತಗೀತೀನಿ. ಏನೂ ಆಗಂಗಿಲ್ಲ. ಕಾಲು ಕೊಡು.’

ಬೆಳ್ಳಿ ಮೆತ್ತಗಿರ್ತೈತಿ, ಉಂಗುರದ ಬಾಯಿ ಅಗಲ ಮಾಡಿದ್ರ ಬಿಡತೈತಿ. ಒಂದೊಂದಾಗಿ ತಗದು ಸೆರಗಿಗೆ ಗಂಟು ಹಾಕ್ಕೊಂಡ್ಲು.

ಕಾರು ಮಾಡ್ಕೊಂಡು ಹೊಸಪೇಟಿಗೆ ಹೋದ್ವಿ. ಡಾಕ್ಟರಮ್ಮ ಕಾಲು ನೋಡಿ, ಉಚ್ಚಿ ಪರೀಕ್ಷೆ ಮಾಡಿಸಿ, ಹಂಗೇ ಬಳ್ಳಾರಿ ದೊಡ್ಡಾಸ್ಪತ್ರಿಗೆ ಬರದು ಕೊಟ್ರು. ಅಲ್ಲಿ ಕಿಡ್ನಿಯಿಂದ ಸೂಜಿಲೇ ತುಣುಕು ತಗದು ನೋಡಿದ್ರು. ರೋಗ ಅಲ್ಲಿಗೆ ಹೋಗಿತ್ತು. ಬ್ಯಾರೆ ಏನು ತಗೋತಿದ್ಲು ಅಂತ ಅಲ್ಲಿಯ ಸಣ್ಣ ಡಾಕ್ಟರ್ ಕೇಳಿದಾಗ ಅತ್ತಿಗಿ ಬಾಯಿ ತಗಿಯೋ ಮೊದಲೇ ಅವ್ವ, ‘ಗುಳಿಗಿ ಬಿಡಿಸಿದ್ದು ನಾನು, ಕಷಾಯ ಕುಡಿಸಿದ್ದು ನಾನು. ಆಕೀಗೆ ಬೈಬ್ಯಾಡ್ರಿ’ ಅಂದ್ಲು. ಅಂವ ಯಾರಿಗೂ ಬೈಲಿಲ್ಲ. ಕಷಾಯದಿಂದ ಎಷ್ಟಾತು ಅಂತ ಹೇಳಾಕ ಬರಂಗಿಲ್ಲ, ಆದ್ರ ಮೊದಲೇ ಎದ್ದು ಕುಂತ ಕಣಗಳನ್ನ ಬಳ್ಳಿ ಕೊಟ್ಟು ಮತ್ತ ಎಬ್ಬಿಸೋದು ಬ್ಯಾಡ. ಗುಳಿಗಿ ಬಿಟ್ಟಿದ್ದು ಮಾತ್ರ ದೊಡ್ಡ ತಪ್ಪು ಅಂದ.

ಆಮ್ಯಾಲಿಂದು ಬರೇ ಬೆಂಚು. ಬಾಟಲಿ ಹನಿ ಹನಿ ಇಳಿಯೋದು ನೋಡೋದು, ಚೀಟಿ ಹಿಡಕೊಂಡು ಕೆಳಗ ಇಳಿಯೋದು, ಮ್ಯಾಲೆ ಹತ್ತೋದು. ಫಿನಾಯಿಲ್ ವಾಸನಿ ಮೂಗಿಗೆ ಹತ್ತಿ ಹತ್ತಿ ಅನ್ನಕ್ಕೂ ಅದೇ ವಾಸನಿ ಬರ್ತಿತ್ತು. ಒಂದು ಮಧ್ಯಾಹ್ನ ಆ ಸಣ್ಣ ಡಾಕ್ಟರ್ ಒಬ್ಬನೇ ಸಿಕ್ಕ. ನಾನು ತಡೀಲಾರದೆ ಕೇಳಿದೆ. ಬಿ ಕಣದ ಜಾಳಗಿ, ಪ್ರೋಟೀನ್ ಓಡಾಟ, ಅತ್ತಿಗಿಗೆ ಆಗಿದ್ದು ಅದೇ ಏನ್ರಿ? ಅಂವ ನಿಂತ. ಎಲ್ಲಿ ಓದೀರಿ ಅಂದ. ಫೋನಿನ್ಯಾಗ ಅಂದೆ. ನಗಲಿಲ್ಲ. ಅದು ನಿಜ, ಪ್ರಯೋಗಶಾಲ್ಯಾಗ ನೋಡ್ಯಾರ, ಆದ್ರ ನಿಮ್ಮ ಅತ್ತಿಗಿ ಕಣದಾಗ ಏನಾಗೇತಿ ಅಂತ ಯಾರೂ ನೋಡಿಲ್ಲ, ನನಗೂ ಗೊತ್ತಿಲ್ಲ, ಈ ರೋಗಕ್ಕ ದಾರಿ ಭಾಳ ಅದಾವ ಅಂದ. ನಾನು ಎಷ್ಟು ಜೋರಾಗಿ ಅವ್ವಗ ಹೇಳಿದ್ದೆ, ಎಲ್ಲಾ ಕಣ್ಣಿಲೇ ನೋಡಿದಂಗ. ಬೆಂಚಿನ ಮ್ಯಾಲೆ ಬಂದು ಕುಂತೆ. ಓದೋದು ಬಿಡಲಿಲ್ಲ, ಈಗೂ ಬಿಟ್ಟಿಲ್ಲ. ಆದ್ರ ಅವತ್ತಿನ ಮ್ಯಾಲೆ ಯಾರಿಗೂ ಪಟಪಟ ಹೇಳಿಲ್ಲ.

ಕಿಡ್ನಿ ಪೂರ್ತಿ ಕೈಬಿಡಲಿಲ್ಲ. ಪಾದದ ಬಾವು ಇಳೀತು. ಇದು ಹೋಗೋ ರೋಗ ಅಲ್ಲ, ಗುಳಿಗಿ ಜೀವನ ಪೂರ್ತಿ, ತಿಂಗಳಿಗೊಮ್ಮೆ ಬರಬೇಕು ಅಂತ ಹೇಳಿ ಮನಿಗೆ ಕಳಿಸಿದ್ರು. ಅಣ್ಣ ಎರಡನೇ ಬೆಳಿಗೆ ಸಸಿ ಮಡಿ ಮಾಡಾಕತ್ತಿದ್ದ, ಅದಕ್ಕ ನಾವು ಮೂವರೇ ಬಸ್ ಹಿಡದ್ವಿ. ಅತ್ತಿಗಿ ಕಿಡಕಿ ಬಾಜು, ನಡುವ ಅವ್ವ, ಈ ಕಡಿ ನಾನು. ಕುರುಗೋಡು ಬರೋ ತನಕ ಅವ್ವ ಆಸ್ಪತ್ರಿ ಚೀಟಿ ಮಡಚತಾ ಬಿಚ್ಚತಾ ಕುಂತಿದ್ಲು.

ಆಮ್ಯಾಲೆ ಅವ್ವ ನನ್ನ ಕಡಿ ತಿರುಗಿ ಕೇಳಿದ್ಲು, ‘ಸುಮಾ, ಆ ಬದು ಮತ್ತ ಕಟ್ಟಾಕ ಬರ್ತೈತೇನು?’

ಚ್ಯಾಷ್ಟಿ ಅಲ್ಲ. ಅವ್ವ ಖರೇನ ಕೇಳಿದ್ಲು. ಇಡೀ ಸುಗ್ಗಿ ನಾನು ಕಾದಿದ್ದು ಈ ಪ್ರಶ್ನೆಗೇ.

‘ಗೊತ್ತಿಲ್ಲವ್ವ. ಅವರಿಗೂ ಗೊತ್ತಿಲ್ಲಂತ.’

ಅವ್ವ ಬೈತಾಳ ಅನಕೊಂಡೆ. ಬೈಲಿಲ್ಲ. ಆ ಕಡಿ ತಿರುಗಿ, ಸಂಜಿ ಗುಳಿಗಿ ಯಾವಾಗವ್ವ ಅಂತ ಸೊಸೀನ ಕೇಳಿದ್ಲು. ಉಂಡ ಮ್ಯಾಲ್ರಿ ಅತ್ತಿ, ಮನಿಗೆ ಹೋಗಿ ತಗೋತೀನಿ ಅಂದ್ಲು ಅತ್ತಿಗಿ.

ಮನಿಗೆ ಹೋಗೋ ತನಕ ಅವ್ವ ಕಾಯಲಿಲ್ಲ. ಇನ್ನೂ ಬಿಸಲಿತ್ತು, ಊಟದ ಹೊತ್ತಲ್ಲ, ಬಸ್ಸಿನ್ಯಾಗ ನಿಲ್ಲಾಕ ಜಾಗ ಇರಲಿಲ್ಲ. ಆಕಿ ಕಾಲಾಗಿನ ಚೀಲದಿಂದ ಬುತ್ತಿ ಎತ್ತಿ ತೊಡಿ ಮ್ಯಾಲೆ ಇಟಕೊಂಡು, ಮುಚ್ಚಳ ತಗದು, ಮ್ಯಾಲೆ ಜೋತಾಡೋ ಮಂದಿಗೆ ಸ್ವಲ್ಪ ಸರೀರಪಾ ಅಂದು, ರೊಟ್ಟಿ ಮುರದು ಸೊಸಿ ಕೈಗೆ ಕೊಟ್ಲು.

‘ಉಣ್ಣು’ ಅಂದ್ಲು. ‘ಗುಳಿಗಿ ನನ್ನ ಕೈಯಾಗ ಐತಿ.’